ಕಪ್ಪು ಕಾರಿನ ಸುತ್ತುಗೆರೆಗಳು

ಹೊಸದುರ್ಗಕ್ಕೆ ಹೋಗುವುದನ್ನು ನಾನು ಒಮ್ಮೆಗೇ ನಿಲ್ಲಿಸಿಬಿಟ್ಟಾಗ, ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೆ. ಒಬ್ಬರಿಗೆ ರಸ್ತೆ ಕೆಟ್ಟಿದೆ ಎಂದೆ, ಇನ್ನೊಬ್ಬರಿಗೆ ಅಲ್ಲಿ ಕಾರುಗಳೇ ಕಡಿಮೆ ಎಂದೆ, ಅವ್ವನಿಗೆ ಅಲ್ಲಿನ ನೀರು ನನಗೆ ಒಗ್ಗುವುದಿಲ್ಲ ಎಂದೆ. ಯಾವುದೂ ನಿಜವಲ್ಲ. ಅಲ್ಲಿ ಒಬ್ಬ ಡ್ರೈವರ್ ಇದ್ದರು. ನಾನು ಮಾಡಿದ ತಪ್ಪನ್ನು ಅವರದೆಂದು ಅವರ ಸಾಹುಕಾರರನ್ನು ನಂಬಿಸಿದೆ. ಸಾಹುಕಾರರು ನಂಬಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಡ್ರೈವರೂ ನಂಬಿದರು.

ನನ್ನ ಕೆಲಸ ಕಾರುಗಳನ್ನು ತೊಳೆದು ಪಾಲಿಶ್ ಮಾಡುವುದು. ಅದಕ್ಕೆ ಅಂಗಡಿಯಿರಲಿಲ್ಲ, ಶೆಡ್ಡಿರಲಿಲ್ಲ. ಸೈಕಲ್ಲೇ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಲಾರದೆ ಚಿತ್ರದುರ್ಗದ ಒಂದು ಪೇಂಟಿಂಗ್ ಶೆಡ್ಡಿನಲ್ಲಿ ಸೇರಿಕೊಂಡೆ. ಅಲ್ಲಿನ ಮೇಸ್ತ್ರಿ ಲಾರಿಗಳಿಗೆ ಬಣ್ಣ ಹೊಡೆಯುವುದರಲ್ಲಿ ಹೆಸರು ಮಾಡಿದ್ದ ಸಾಬರು. ಪಾಲಿಶ್ ಕೆಲಸವನ್ನೆಲ್ಲ ಅವರಿಂದಲೇ ಕಲಿತೆ. ಹೊಸದುರ್ಗದಿಂದಲೋ ಹಿರಿಯೂರಿನಿಂದಲೋ ಪಾಲಿಶ್‌ಗೆ ಬಂದ ಕಾರು ಕನ್ನಡಿಯಂತಾಗಿ ಹೊರಡುತ್ತಿತ್ತು. ಊರು ಸೇರುವ ಹೊತ್ತಿಗೆ ಮತ್ತೆ ಅದೇ ಮಣ್ಣು. ಬಂದವರೆಲ್ಲ ಬೈದುಕೊಳ್ಳುತ್ತಿದ್ದರು. ಕಾರು ನಮ್ಮ ಹತ್ತಿರ ಬರುವುದರ ಬದಲು ನಾವೇ ಕಾರಿನ ಹತ್ತಿರ ಹೋದರೆ ಹೇಗೆ ಎಂದು ನಾನು ಕೇಳಿದೆ.

"ಹೋಗಪ್ಪ, ಹೋಗು. ಕ್ಷೌರದೋನು ಮನೆಮನೆಗೆ ಹೋದಂಗೆ ನೀನೂ ಹೋಗು. ಕಾರಿಗೆ ಗಡ್ಡ ಬಂದೈತೇನ್ರಿ ಅಂತ ಕೂಗ್ತಾ ಹೋಗು," ಎಂದು ಮೇಸ್ತ್ರಿ ನಕ್ಕರು.

ಹೋದೆ. ಕ್ಯಾರಿಯರಿಗೆ ತಗಡಿನ ಪೆಟ್ಟಿಗೆ, ಹ್ಯಾಂಡಲ್ಲಿಗೆ ಎರಡು ಬಕೆಟ್. ದೂರದ ಊರಾದರೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕುತ್ತಿದ್ದೆ. ಒಂದೆಡೆ ಕೂರುವ ಸ್ವಭಾವ ನನಗೆ ಮೊದಲಿನಿಂದಲೂ ಇರಲಿಲ್ಲ. ಊಟಕ್ಕೆ ಕೂತರೂ ಅರ್ಧಕ್ಕೆ ಎದ್ದು ಸೈಕಲ್ಲಿನ ಗಾಳಿ ನೋಡಿ ಬರುತ್ತಿದ್ದೆ. ಜವನಗೊಂಡನಹಳ್ಳಿಯ ಮನೆಯಲ್ಲಿ ಅವ್ವ, "ಕಾಲಿಗೆ ಚಕ್ರ ಕಟ್ಕಂಡು ಹುಟ್ಟೀಯ ಕಣೋ. ಕುರಿ ಮೇಯ್ಸೋರ ಮನ್ಯಾಗೆ ಹುಟ್ಟಿ ಕುರಿಗಿಂತ ಹೆಚ್ಚು ತಿರುಗ್ತೀಯ," ಎನ್ನುತ್ತಿದ್ದಳು.

ಪೆಟ್ರೋಲಿನ ಬೆಲೆ ಏರಿ, ಕಾರಿದ್ದವರೂ ಬಸ್ಸು ಹತ್ತುತ್ತಿದ್ದ ಕಾಲ ಅದು. ಕಾರು ಹೊರಗೆ ಹೋಗುವುದು ಕಡಿಮೆಯಾದಷ್ಟೂ ಮನೆಯ ಮುಂದೆ ನಿಂತು ಹೊಳೆಯಬೇಕೆಂಬ ಆಸೆ ಜನರಿಗೆ ಹೆಚ್ಚಾಯಿತು. ಡಾಕ್ಟರುಗಳು, ರಸ್ತೆ ಕಂಟ್ರಾಕ್ಟರುಗಳು, ಕೊಬ್ಬರಿ ಮಂಡಿಯವರು ನನಗೆ ಹೇಳಿ ಕಳಿಸತೊಡಗಿದರು. ಹಿರಿಯೂರಿನಲ್ಲಿ ತೊಳೆಯುವಾಗ ಬಹಳ ಚುರುಕಾಗಿರಬೇಕಿತ್ತು. ಅಲ್ಲಿನ ಬಾವಿ ನೀರು ಗಡಸು, ಬಣ್ಣದ ಮೇಲೆ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಒಂದು ಬಾಗಿಲಿಗೆ ನೀರು ಹಾಕಿ ಆ ಬಾಗಿಲನ್ನು ಒರೆಸಿಯೇ ಇನ್ನೊಂದಕ್ಕೆ ಹೋಗಬೇಕು. ಸೋಪಿನ ಪುಡಿ ನಾನು ಮುಟ್ಟುತ್ತಿರಲಿಲ್ಲ, ಅದು ಹಳೆಯ ಪಾಲಿಶನ್ನು ತಿಂದುಹಾಕುತ್ತದೆ. ಅಂಟುವಾಳದ ಕಾಯಿಯನ್ನು ನೆನೆಹಾಕಿ ಕಿವುಚಿದ ನೊರೆಯಲ್ಲಿ ಮೊದಲು ಟಾಪು, ಆಮೇಲೆ ಬಾನೆಟ್ಟು, ಬಾಗಿಲುಗಳು, ಕಡೆಗೆ ಚಕ್ರ. ಚಕ್ರ ಮುಟ್ಟಿದ ಬಟ್ಟೆ ಮತ್ತೆ ಮೇಲೇರಬಾರದು. ಟಾರಿನ ಕಲೆಗೆ ಸೀಮೆಎಣ್ಣೆಯ ಬಟ್ಟೆ, ಗಾಜಿಗೆ ಒದ್ದೆ ಮಾಡಿದ ಪೇಪರು. ಎಲ್ಲ ಆರಿದ ಮೇಲೆ ಡಬ್ಬಿಯ ಪಾಲಿಶನ್ನು ತೆಳ್ಳಗೆ ಹಚ್ಚಿ, ಅದು ಬೂದಿ ಬಳಿದಂತೆ ಬಿಳಿಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಉಜ್ಜುವುದು.

ಉಳಿದವರು ಉಜ್ಜಲು ಹಳೆಯ ಬನಿಯನ್ ಬಟ್ಟೆ ಬಳಸುತ್ತಿದ್ದರು. ನಾನು ಉಣ್ಣೆ ಬಳಸುತ್ತಿದ್ದೆ. ಕುರಿಯ ಉಣ್ಣೆಯಲ್ಲಿ ಒಂದು ಜಿಡ್ಡು ಇರುತ್ತದೆ. ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ಆ ಜಿಡ್ಡು ಬಣ್ಣಕ್ಕೆ ಕೊಡುವ ಹೊಳಪನ್ನು ಯಾವ ಬಟ್ಟೆಯೂ ಕೊಡುವುದಿಲ್ಲ. ಅವ್ವ ಉಣ್ಣೆಯನ್ನು ತೊಳೆದು, ಒಣಗಿಸಿ, ಹಿಂಜಿ, ಉಂಡೆ ಮಾಡಿ ಕೊಡುತ್ತಿದ್ದಳು. ನಾಲ್ಕು ಊರಿನಲ್ಲಿ ನನ್ನ ಹೊಳಪೇ ಬೇರೆ ಎಂದು ಜನ ಹೇಳಿದಾಗ ನನಗೆ ತಲೆ ತಿರುಗಿತ್ತು.

ಹೊಸದುರ್ಗದ ಕೊಬ್ಬರಿ ಸಾಹುಕಾರರದು ಕಪ್ಪು ಅಂಬಾಸಿಡರ್. ಕಪ್ಪು ಬಣ್ಣ ನಮ್ಮ ಕೆಲಸದಲ್ಲಿ ಪರೀಕ್ಷೆ ಇದ್ದಂತೆ. ಬಿಳಿ ಕಾರಿನಲ್ಲಿ ಮುಚ್ಚಿಹೋಗುವುದೆಲ್ಲ ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಅದರ ಡ್ರೈವರ್ ಮತ್ತೋಡಿನ ಕಡೆಯವರು, ನನಗಿಂತ ಬಹಳ ದೊಡ್ಡವರು. ಲಾರಿ ಕ್ಲೀನರಾಗಿ ಶುರುಮಾಡಿ ಕಾರಿನ ಸ್ಟೇರಿಂಗ್ ಹಿಡಿಯುವಷ್ಟರಲ್ಲಿ ತಲೆಯ ಒಂದು ಪಕ್ಕ ಬೆಳ್ಳಗಾಗಿತ್ತು. ಆ ಕಾರಿಗೆ ಬೇರೆಯವರು ಬೆನ್ನು ಒರಗಿಸಿದರೂ ಅವರು ಸಹಿಸುತ್ತಿರಲಿಲ್ಲ. ನಾನು ಅಣ್ಣ ಎನ್ನುತ್ತಿದ್ದೆ, ಅವರು ತಮ್ಮ ಎನ್ನುತ್ತಿದ್ದರು.

"ಲೇ ತಮ್ಮ, ನಿನ್ನ ಉಣ್ಣೆ ಹಾಕಿ ಹಾಕಿ ನಮ್ಮ ಕಾರು ಕುರಿ ಆಗೈತೆ ಕಣೋ," ಎಂದು ಒಮ್ಮೆ ಹೇಳಿದರು. "ನಿನ್ನೆ ಹೊಳಲ್ಕೆರೆ ಸಂತೆ ಹತ್ರ ಹಾರ್ನ್ ಹೊಡೆದ್ರೆ ಬ್ಯಾ ಅಂತು. ಹಿಂದಿನಿಂದ ಒಂದು ಮಂದೇನೇ ಬಂತು."

"ಮೇವು ಹಾಕಣ್ಣ, ಪೆಟ್ರೋಲ್ ಉಳೀತೈತೆ," ಎಂದೆ.

ಸಾಹುಕಾರರ ಮಗಳನ್ನು ನೋಡಲು ಹೊಳಲ್ಕೆರೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಈ ಕಾರಿನಲ್ಲೇ ಕರೆತರಬೇಕು. ಹೇಳಿಕಳಿಸಿದ್ದು ತಡವಾಗಿ, ಹಿಂದಿನ ದಿನ. ನನ್ನ ಪೆಟ್ಟಿಗೆಯಲ್ಲಿ ಉಣ್ಣೆ ಮುಗಿದಿತ್ತು. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಮತ್ತೋಡಿನ ಹೊಲವೊಂದರಲ್ಲಿ ನಮ್ಮ ಸೋದರಮಾವನ ಕುರಿಮಂದೆ ಬೀಡುಬಿಟ್ಟಿರುವುದು ನೆನಪಾಗಿ ಮರುದಿನ ಬೆಳಿಗ್ಗೆಯೇ ಅಲ್ಲಿಗೆ ಹೋದೆ. ಮಾವ ಉಣ್ಣೆ ಕತ್ತರಿಸಿ ಮುಗಿಸಿದ್ದ. ಎರಡು ಗುಡ್ಡೆ ಇದ್ದವು, ದೊಡ್ಡ ಕುರಿಗಳದೊಂದು, ಮರಿಗಳದೊಂದು. ಮರಿಗಳ ಉಣ್ಣೆಗೆ ಕೈ ಹಾಕಿದೆ. ಬೆಣ್ಣೆಯಂತಿತ್ತು.

"ಅದನ್ನ ತಗೊಂಡ್ರೆ ತೊಳ್ಕೊಳ್ಳಪ್ಪ," ಎಂದ ಮಾವ.

"ತೊಳೀತೀನಿ ಬಿಡು ಮಾವ," ಎಂದು ಚೀಲಕ್ಕೆ ತುಂಬಿಕೊಂಡೆ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಇದು ಗೊತ್ತು. ಉಣ್ಣೆ ಕತ್ತರಿಸುವ ಮೊದಲು ದೊಡ್ಡ ಕುರಿಗಳನ್ನು ಕೆರೆಗೆ ಇಳಿಸಿ ಮೈ ತೊಳೆಯುತ್ತಾರೆ. ಮರಿಗಳನ್ನು ತೊಳೆಯುವುದಿಲ್ಲ, ಶೀತವಾಗಿ ಸಾಯುತ್ತವೆಂದು. ಹಾಗಾಗಿ ಮರಿಯ ಉಣ್ಣೆ ಎಷ್ಟು ಮೆತ್ತಗೋ ಅದರ ಬುಡದಲ್ಲಿ ಅಷ್ಟೇ ಮಣ್ಣು, ಕಣ್ಣಿಗೆ ಕಾಣದ ಸಣ್ಣ ಮರಳು. ನನಗೂ ಗೊತ್ತಿತ್ತು. ಆದರೆ ತೊಳೆದರೆ ಒಣಗಬೇಕು, ಒಣಗಲು ಹೊತ್ತು ಬೇಕು. ಚೀಲವನ್ನು ನಾಲ್ಕು ಸಲ ಒದರಿದೆ, ಕೈಯಲ್ಲಿ ಹಿಂಜಿದೆ, ಕೆನ್ನೆಗೆ ಒತ್ತಿ ನೋಡಿದೆ. ಇಷ್ಟು ಮೆತ್ತಗಿರುವುದು ಯಾವ ಬಣ್ಣವನ್ನು ಗೀರೀತು ಎಂದುಕೊಂಡೆ.

ಸಾಹುಕಾರರ ಮನೆಯ ಪಕ್ಕದ ತೆಂಗಿನ ತೋಟದಲ್ಲಿ, ನೆರಳಿನಲ್ಲಿ, ಕೆಲಸ ಮಾಡಿದೆ. ಬಿಸಿಲಿನಲ್ಲಿ ಪಾಲಿಶ್ ಮಾಡಬಾರದು, ಹಚ್ಚಿದಲ್ಲೇ ಸುಟ್ಟು ಹಿಡಿದುಕೊಳ್ಳುತ್ತದೆ. ಡ್ರೈವರ್ ಅಣ್ಣ ಬಾವಿಯಿಂದ ನೀರು ಸೇದಿ ಕೊಟ್ಟರು, ಮಜ್ಜಿಗೆ ತಂದುಕೊಟ್ಟರು, ಆಮೇಲೆ ಮನೆಯವರು ಕಳಿಸಿದರೆಂದು ಸಂತೆಗೆ ಹೋದರು. ನಾನು ಆತುರದಲ್ಲಿ ಗುಂಡಗೆ, ಗುಂಡಗೆ, ಬಲವಾಗಿ ಉಜ್ಜಿದೆ. ನೆರಳಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಮುಗಿದ ಮೇಲೆ ಕಾರನ್ನು ತಳ್ಳಿ ಬಿಸಿಲಿಗೆ ತಂದೆ. ಬಿಸಿಲಿನಲ್ಲಿ ನೋಡದೆ ಕೆಲಸ ಮುಗಿಯಿತೆನ್ನುವ ಹಾಗಿಲ್ಲ.

ಬಾನೆಟ್ಟಿನ ತುಂಬ ಗೆರೆಗಳು. ಜೇಡನ ಬಲೆಯಂತೆ, ಒಂದರೊಳಗೊಂದು ಸುತ್ತು. ಟಾಪಿನ ಮೇಲೆ, ಬಾಗಿಲುಗಳ ಮೇಲೆ, ನನ್ನ ಕೈ ತಿರುಗಿದ ಕಡೆಯೆಲ್ಲ. ಸೂರ್ಯ ಆ ಕಪ್ಪಿನೊಳಗೆ ಕೂತು ನನ್ನ ಕೈಯ ಪ್ರತಿ ಸುತ್ತನ್ನೂ ತೋರಿಸುತ್ತಿದ್ದ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಕಾರನ್ನು ಮತ್ತೆ ನೆರಳಿಗೆ ತಳ್ಳಿದೆ.

ಅದನ್ನು ಸರಿಮಾಡಲು ಒಂದೇ ದಾರಿ, ಮೇಲಿನ ಬಣ್ಣವನ್ನು ನುಣ್ಣಗೆ ತೇಯ್ದು ತೆಗೆದು ಮತ್ತೆ ಹೊಳಪು ಕೊಡುವುದು. ಅದು ಶೆಡ್ಡಿನ ಕೆಲಸ, ಮೇಸ್ತ್ರಿಯ ಕೈ ಬೇಕು. ಸಾಹುಕಾರರಿಗೆ ಹೇಳಬೇಕಿತ್ತು. ಬದಲಿಗೆ ಕೊಬ್ಬರಿ ಎಣ್ಣೆಯನ್ನು ಬಿಸಿಮಾಡಿ ಪಾಲಿಶಿಗೆ ಬೆರೆಸಿ ದಪ್ಪಗೆ ಬಳಿದೆ. ಎಣ್ಣೆ ಗೆರೆಗಳೊಳಗೆ ಇಳಿದು ಕೂತಿತು. ಬಿಸಿಲಿಗೆ ತಂದೆ, ಗೆರೆಯಿಲ್ಲ. ಸಂತೆಯಿಂದ ಬಂದ ಡ್ರೈವರ್ ಅಣ್ಣ ಬಾನೆಟ್ಟಿನಲ್ಲಿ ಮುಖ ನೋಡಿ ಮೀಸೆ ತಿರುವಿಕೊಂಡರು. "ಗಂಡಿಗಿಂತ ನಾನೇ ಚೆನ್ನಾಗಿ ಕಾಣ್ತೀನಿ ಕಣೋ. ಹುಡುಗಿ ನನ್ನೇ ಒಪ್ಪಿದ್ರೆ ಮನೇಲಿ ಏನಂತ ಹೇಳ್ಲಿ?" ಎಂದರು. ನಾನು ನಕ್ಕೆ. ನಗುತ್ತಲೇ ಪೆಟ್ಟಿಗೆ ಕಟ್ಟಿದೆ. ಉಣ್ಣೆಯ ಚೀಲವನ್ನು ದಾರಿಯ ಹಳ್ಳದಲ್ಲಿ ಎಸೆದೆ.

ಸಂಬಂಧ ಕೂಡಿಬಂತು. ಕಾರಿನ ಹೊಳಪಿನ ಮಾತೂ ಹೊಳಲ್ಕೆರೆಯವರೆಗೆ ಹೋಯಿತು. ಅಲ್ಲಿಂದ ಇಬ್ಬರು ಹೊಸದಾಗಿ ನನ್ನನ್ನು ಕರೆಸಿಕೊಂಡರು. ಆದರೆ ಆ ದಿನಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಎಣ್ಣೆ ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಯೋಚನೆ. ಹಿರಿಯೂರಿನಲ್ಲಿದ್ದರೆ ಚಿತ್ರದುರ್ಗಕ್ಕೆ ಹೋಗೋಣವೆನ್ನಿಸುತ್ತಿತ್ತು, ಚಿತ್ರದುರ್ಗದಲ್ಲಿದ್ದರೆ ಜವನಗೊಂಡನಹಳ್ಳಿಗೆ. ಯಾರಾದರೂ ಹಿಂದಿನಿಂದ "ಏನಪ್ಪ" ಎಂದು ಕರೆದರೆ ಬೆಚ್ಚಿಬೀಳುತ್ತಿದ್ದೆ.

ಮದುವೆ ಮುಗಿದ ಮೇಲೆ ಕರೆ ಬಂತು. ಹೋದೆ. ಮಂಡಿಯ ಮುಂದೆ, ಕೊಬ್ಬರಿ ಚೀಲಗಳ ಪಕ್ಕದಲ್ಲಿ, ಬಿಸಿಲಿನಲ್ಲಿ ಕಾರು ನಿಂತಿತ್ತು. ಎಣ್ಣೆ ಹೋಗಿತ್ತು, ಗೆರೆಗಳೆಲ್ಲ ಹೊರಗೆ ಬಂದಿದ್ದವು. ಸಾಹುಕಾರರು ಜಗುಲಿಯ ಮೇಲೆ ಕೂತಿದ್ದರು. ಡ್ರೈವರ್ ಅಣ್ಣ ಕೆಳಗೆ ನಿಂತಿದ್ದರು, ಕೈಯಲ್ಲಿ ಒರೆಸುವ ಬಟ್ಟೆಯನ್ನು ಮುದುರಿ ಹಿಡಿದು. ಮಂಡಿಯ ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು.

"ಬಾರಪ್ಪ. ನೀನು ತಿಳ್ಕೊಂಡೋನು, ನೀನೇ ಹೇಳು," ಎಂದರು ಸಾಹುಕಾರರು. "ಬೀಗರು ಬಂದಾಗ ಕನ್ನಡಿ ಇದ್ದಂಗೆ ಇತ್ತು. ಈಗ ನೋಡು, ಯಾರೋ ಪಾತ್ರೆ ತಿಕ್ಕೋ ನಾರಲ್ಲಿ ತಿಕ್ಕಿದಂಗೈತೆ. ಇದು ಹೆಂಗಾತು?"

ಎಣ್ಣೆ ಬಳಿದ ಕಾರಿಗೆ ಧೂಳು ಅಂಟುತ್ತದೆ. ಅದನ್ನು ಕಂಡು ಡ್ರೈವರ್ ಅಣ್ಣ ದಿನಕ್ಕೆ ಹತ್ತಾರು ಸಲ ಒಣ ಬಟ್ಟೆಯಲ್ಲಿ ಒರೆಸಿದ್ದರು. ಅದನ್ನು ಹಮಾಲರೆಲ್ಲ ನೋಡಿದ್ದರು. ನಾನು ಬಾನೆಟ್ಟಿನ ಹತ್ತಿರ ಹೋಗಿ ಬಗ್ಗಿದೆ, ಬೆರಳಾಡಿಸಿದೆ, ಯೋಚಿಸುವವನಂತೆ ನಿಂತೆ. ಮೇಸ್ತ್ರಿಯಿಂದ ಕಲಿತ ಗತ್ತೆಲ್ಲ ಅಲ್ಲಿ ಉಪಯೋಗಕ್ಕೆ ಬಂತು.

"ಧೂಳಿರೋ ಕಾರನ್ನ ಒಣ ಬಟ್ಟೇಲಿ ಒರೆಸಿದ್ರೆ ಹಿಂಗೇ ಗೆರೆ ಬೀಳ್ತವ್ರಿ," ಎಂದೆ.

ಈ ಮಾತು ಸುಳ್ಳಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಗೆರೆ ಬೀಳುತ್ತದೆ, ಈಗಲೂ ಯಾರನ್ನು ಬೇಕಾದರೂ ಕೇಳಿ. ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡು ನಾನು ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ವಾದಿಸಿದ್ದೇನೆ.

ಡ್ರೈವರ್ ಅಣ್ಣ ನನ್ನನ್ನು ನೋಡಿದರು. ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಬಂದಿದ್ದರೆ ನಾನು ಉಳಿಯುತ್ತಿದ್ದೆನೇನೋ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಬಿಡಿಸಿ, ಅದರಲ್ಲಿ ಏನೋ ಇದೆಯೆಂಬಂತೆ ಎರಡೂ ಕಡೆ ತಿರುಗಿಸಿ ನೋಡಿದರು.

"ಹೌದೇನೋ ತಮ್ಮ? ನಾನೇನಾ?" ಎಂದರು. "ಧೂಳು ಕೂರ್ತಿತ್ತಲ್ಲ, ನೋಡಕಾಗ್ದೆ ಒರೆಸ್ತಿದ್ದೆ. ಗೊತ್ತಾಗಲಿಲ್ಲ ಸಾವ್ಕಾರ್ರೆ. ತಪ್ಪಾತು."

ಸಾಹುಕಾರರು ಕೂಗಾಡಲಿಲ್ಲ. "ವಯಸ್ಸಾತು ಕಣಪ್ಪ ನಿಂಗೆ. ಊರಿಗೆ ಹೋಗು," ಎಂದರು, ಅಷ್ಟೆ. ಹಮಾಲನೊಬ್ಬ "ಗಂಡಿಗೆ ತೋರ್ಸಾಕೆ ಹೋಗಿ ಕಾರಿನ ಮಕ ಕೆರೆದ್ನಂತೆ" ಎಂದು ನಗಾಡಿದ. ಇನ್ನೊಬ್ಬನೂ ನಕ್ಕ. ಡ್ರೈವರ್ ಅಣ್ಣ ಕಾರಿನ ಬೀಗದ ಕೈಯನ್ನು ಜಗುಲಿಯ ಅಂಚಿಗಿಟ್ಟು, ಬಟ್ಟೆಯನ್ನು ಮಡಿಸಿ ಅದರ ಪಕ್ಕ ಇಟ್ಟರು. ನಾನು ಕಾರನ್ನು ಮೇಸ್ತ್ರಿಯ ಶೆಡ್ಡಿಗೆ ಕಳಿಸಿ ಎಂದು ಸಾಹುಕಾರರಿಗೆ ಸಲಹೆ ಕೊಟ್ಟೆ. ಅವರು ನನ್ನನ್ನು ಹೊಗಳಿದರು.

ಆಮೇಲೆ ಹೊಸದುರ್ಗಕ್ಕೆ ಹೋಗಲಿಲ್ಲ. ಹೊಳಲ್ಕೆರೆಯವರೆಗೆ ಹೋದರೆ ಅಲ್ಲಿಂದಲೇ ತಿರುಗುತ್ತಿದ್ದೆ. ಉಜ್ಜುವಾಗ ನಡುವೆ ನಡುವೆ ಕೈ ನಿಲ್ಲಿಸಿ ಉಣ್ಣೆಯನ್ನು ಬಿಡಿಸಿ ನೋಡುವುದು ಅಭ್ಯಾಸವಾಯಿತು. "ಏನು ಹೇನು ಹುಡುಕ್ತೀಯೇನಪ್ಪ?" ಎಂದು ಕಾರಿನವರು ಕೇಳುತ್ತಿದ್ದರು. ಕೆಲಸ ಹೆಚ್ಚಿದಂತೆಲ್ಲ ನನ್ನ ಒಳಗಿನ ತಳಮಳವೂ ಹೆಚ್ಚಿತು. ಹೇಳಿಬಿಡಬೇಕು ಎಂದು ಹೊರಡುವುದು, ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಇಳಿದು ಎರಡು ಬೀಡಿ ಸೇದಿ ವಾಪಸು ಬರುವುದು. ಹೀಗೇ ಎಷ್ಟೋ ಸಲ.

ಮುಂದಿನ ಸಲ ಉಣ್ಣೆ ಕತ್ತರಿಸುವ ಹೊತ್ತಿಗೆ ಮಾವ ಮತ್ತೆ ಮತ್ತೋಡಿಗೆ ಬಂದಿದ್ದ. ಉಣ್ಣೆ ಬೇಕಿದ್ದರೆ ಬಂದು ಒಯ್ಯಿ ಎಂದು ಹೇಳಿಕಳಿಸಿದ. ಊರಿನ ಹೊರಗಿನ ದಾರಿಯಲ್ಲಿ ಹೋಗಿ ಬಂದರಾಯಿತು ಎಂದುಕೊಂಡೆ. ಹಿಂದಿರುಗುವಾಗ ಒಂದು ತೋಟದ ಬೇಲಿಯ ಆಚೆಯಿಂದ, "ಲೇ ತಮ್ಮ!" ಎಂದು ಕೂಗು ಬಂತು.

ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಒತ್ತಿ ಸುಲಿಯುತ್ತ ಡ್ರೈವರ್ ಅಣ್ಣ ನಿಂತಿದ್ದರು. ತಲೆಯ ಇನ್ನೊಂದು ಪಕ್ಕವೂ ಬೆಳ್ಳಗಾಗಿತ್ತು. "ಬಾ, ಕುಂತ್ಕ," ಎಂದರು. ಅವರ ಹೆಂಡತಿ ಎಳನೀರು ತಂದರು. ತೋಟದ ಯಜಮಾನ ಅಲ್ಲಿಗೆ ಬಂದಾಗ ಅಣ್ಣ ನನ್ನ ಬೆನ್ನು ತಟ್ಟಿ, "ಇವನೇ ನೋಡ್ರಿ ನಾನು ಹೇಳ್ತಿದ್ದೆನಲ್ಲ. ನನಗೆ ಬುದ್ಧಿ ಕಲಿಸಿದೋನು," ಎಂದು ಪರಿಚಯ ಮಾಡಿಸಿದರು.

"ಇವಯ್ಯನಿಗೆ ನಮ್ಮ ಟ್ರ್ಯಾಕ್ಟರ್ ಓಡ್ಸು ಅಂದ್ರೆ ಒಲ್ಲೆ ಅಂತಾನ್ರಿ," ಎಂದು ಯಜಮಾನ ನನಗೆ ದೂರಿದ. "ನನ್ನ ಕೈ ಒರಟು, ಗಾಡಿ ಹಾಳಾಗ್ತವೆ ಅಂತಾನೆ."

ಯಜಮಾನ ಹೋದ ಮೇಲೆ ನಾನು ಎದ್ದು ನಿಂತೆ. ಕೂತರೆ ಹೇಳಲು ಆಗುವುದಿಲ್ಲವೆನ್ನಿಸಿತು. ನಿಂತೇ ಎಲ್ಲ ಹೇಳಿದೆ. ಮರಿ ಉಣ್ಣೆ, ತೊಳೆಯದೆ ಉಜ್ಜಿದ್ದು, ಬಿಸಿಲಿನಲ್ಲಿ ನೋಡಿದ್ದು, ಎಣ್ಣೆ ಬಳಿದದ್ದು. ಹೇಳುತ್ತ ಹೇಳುತ್ತ ಬೇಲಿಯವರೆಗೆ ಹೋಗಿ ಬರುತ್ತಿದ್ದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡಲಿಲ್ಲ.

"ಹಂಗಾದ್ರೆ ನನ್ನ ಬಟ್ಟೆಯಿಂದ ಗೆರೆ ಬೀಳಲಿಲ್ಲ?" ಎಂದು ಕೇಳಿದರು.

"ಬಿದ್ದಿರಬಹುದಣ್ಣ, ಒಂದಷ್ಟು. ಆದ್ರೆ ಸುತ್ತುಗೆರೆ ಎಲ್ಲ ನಂದೇ."

"ನೀನು ಅವತ್ತು ಅಂದ್ಯಲ್ಲ ಒಂದು ಮಾತು. ಅದಾದ್ಮೇಲೆ ನಾನು ನಮ್ಮ ಮನೆ ಎಮ್ಮೆ ಮೈ ಉಜ್ಜಾಕೂ ಹೆದರ್ತೀನಿ ಕಣೋ." ಅವರ ದನಿ ಏರಲಿಲ್ಲ. ಹೆಂಡತಿ ಒಳಗಿನಿಂದ ಏನಾಯಿತೆಂದು ಕೇಳಿದರು. ಏನಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬೈಯ್ಯಲ್ಲ ನಿಂಗೆ. ಹೊಡೆಯಲ್ಲ. ನನಗೆ ಆ ಕೆಲಸಾನೂ ವಾಪಸು ಬ್ಯಾಡ. ನನ್ನ ಮುಂದೆ ಹೇಳಿದ್ದನ್ನ ಸಾವ್ಕಾರ್ರ ಮುಂದೆ ಹೇಳು, ಆ ಹಮಾಲರು ಕೇಳೋ ಹಂಗೆ. ಅಷ್ಟು ಸಾಕು."

"ಹೇಳ್ತೀನಣ್ಣ."

"ನಾಳೆ ಹೋಗಾಣ?"

"ನಾಳೆ ಬೆಳಿಗ್ಗೆ ಹೊಸದುರ್ಗದ ಬಸ್ ಸ್ಟ್ಯಾಂಡಿಗೆ ಬರ್ತೀನಿ. ಅಲ್ಲಿಂದ ಇಬ್ರೂ ಮಂಡಿಗೆ ಹೋಗಾಣ," ಎಂದೆ. ಆ ಮಾತನ್ನು ಹೇಳುವಾಗ ಹೋಗುತ್ತೇನೆಂದೇ ಇದ್ದೆ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ನಿಜ.

ಬೆಳಿಗ್ಗೆ ಹಿರಿಯೂರಿನ ಒಬ್ಬ ಡಾಕ್ಟರರ ಕಾರು ಒಪ್ಪಿಕೊಂಡಿದ್ದು ನೆನಪಾಯಿತು. ಮಧ್ಯಾಹ್ನ ಹೊಸದುರ್ಗಕ್ಕೆ ಹೋದರಾಯಿತು ಎಂದುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಕಾರು ತೊಳೆಯುತ್ತಿರುವಾಗ ಮಂಡಿಯ ಜಗುಲಿ ಕಣ್ಣಿಗೆ ಬಂತು. ಸಾಹುಕಾರರಿಗೆ ಗೊತ್ತಾದರೆ ಹೊಳಲ್ಕೆರೆಯ ಬೀಗರಿಗೆ ಗೊತ್ತಾಗುತ್ತದೆ, ಅವರಿಂದ ಎಲ್ಲರಿಗೂ. ಮಧ್ಯಾಹ್ನವಾಯಿತು. ಸಂಜೆಯಾಯಿತು. ಡಾಕ್ಟರರ ಕಾರನ್ನು ಅಷ್ಟು ಚೆನ್ನಾಗಿ ನಾನು ಎಂದೂ ತೊಳೆದಿರಲಿಲ್ಲ, ಬೇಕೆಂದೇ ನಿಧಾನ ಮಾಡಿದೆ. ಮರುದಿನ ಹೋಗಬಹುದಿತ್ತು, ಅದರ ಮರುದಿನವೂ. ಹೋಗದ ದಿನಗಳು ಹೆಚ್ಚಾದಷ್ಟೂ ಹೋಗುವುದು ಕಷ್ಟವಾಯಿತು. ಸಾಹುಕಾರರು ಆ ಕಾರನ್ನು ಮಾರಿದರು, ಒಂದೆರಡು ವರ್ಷಗಳಲ್ಲಿ ತಾವೂ ತೀರಿಕೊಂಡರು. ಆಮೇಲೆ ಹೇಳಲು ಆ ಜಗುಲಿಯ ಮೇಲೆ ಯಾರೂ ಇರಲಿಲ್ಲ. ಡ್ರೈವರ್ ಅಣ್ಣ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ಮತ್ತೋಡಿನ ಕಡೆಗೆ ನಾನು ಮತ್ತೆ ತಲೆ ಹಾಕಲಿಲ್ಲ.

ಸಾಹುಕಾರರು ಇನ್ನೂ ಇದ್ದಾಗಲೇ ಒಮ್ಮೆ ಮಾವನ ಮನೆಯ ಕೆಲಸಕ್ಕೆಂದು ಹೊಸದುರ್ಗ ದಾಟಿ ಹೋಗಬೇಕಾಯಿತು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು, ನಾನು ಇಳಿಯಲಿಲ್ಲ. ಹಳೆಯ ಪರಿಚಯದ ಟೀ ಅಂಗಡಿಯವನು ಕಿಟಕಿಯ ಹತ್ತಿರ ಬಂದ.

"ಏನ್ರಿ, ಈ ಕಡೆ ಬರೋದೇ ಬಿಟ್ರಲ್ಲ. ನಿಮ್ಮ ಆ ಡ್ರೈವರ್ ಒಂದಿನ ಬಂದಿದ್ದ ನೋಡ್ರಿ, ಮತ್ತೋಡಿನಿಂದ. ಶೇವ್ ಮಾಡ್ಕಂಡು, ಇಸ್ತ್ರಿ ಮಾಡಿದ ಖಾಕಿ ಶರ್ಟ್ ಹಾಕ್ಕಂಡು, ಬೆಳಿಗ್ಗೆಯಿಂದ ಇಲ್ಲೇ ನಿಂತಿದ್ದ. ಮತ್ತೆ ಕೆಲಸ ಸಿಕ್ತೇನಪ್ಪ ಅಂದೆ, ಇಲ್ಲ ಅಂದ. ಟೀ ಕುಡಿ ಅಂದ್ರೆ, ತಡಿಯಪ್ಪ, ನಮ್ಮ ತಮ್ಮ ಬರ್ತಾನೆ, ಇಬ್ರೂ ಒಟ್ಟಿಗೆ ಕುಡೀತೀವಿ ಅಂದ. ಕಡೇ ಬಸ್ಸು ಹೋಗೋ ತನಕ ಹಂಗೇ ಇದ್ದ. ಅವನಿಗೆ ತಮ್ಮ ಇದಾನೇನ್ರಿ? ನಾನಂತೂ ಒಂದಿನಾನೂ ನೋಡಿಲ್ಲ."

"ಗೊತ್ತಿಲ್ಲ," ಎಂದೆ.

ಅವನು ಟೀ ಲೋಟವನ್ನು ಕಿಟಕಿಯಿಂದ ಒಳಗೆ ಕೊಟ್ಟ. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ, ಲೋಟ ವಾಪಸು ಕೊಡಬೇಕಿತ್ತು. ಸುಡುತ್ತಿದ್ದ ಟೀಯನ್ನು ಒಂದೇ ಸಲ ಕುಡಿದು ಕೊಟ್ಟೆ.